ಫುಟ್‌ಬಾಲ್ ಲೀಗು: ಹಕ್ಕು ಒಬ್ಬರದು, ಮೈದಾನ ಇನ್ನೊಬ್ಬರದು

2025ರ ಡಿಸೆಂಬರ್ ತಿಂಗಳ ಎರಡನೆಯ ವಾರದಲ್ಲಿ ಭಾರತದ ಫುಟ್‌ಬಾಲ್ ವ್ಯವಹಾರದಲ್ಲಿ ಎರಡು ಸಂಗತಿಗಳು ಬೆನ್ನುಬೆನ್ನಿಗೆ ನಡೆದವು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿಗೂ ಇಂಡಿಯನ್ ಸೂಪರ್ ಲೀಗನ್ನು ನಡೆಸುತ್ತಿದ್ದ ವಾಣಿಜ್ಯ ಸಂಸ್ಥೆಗೂ ಇದ್ದ ಹದಿನೈದು ವರ್ಷಗಳ ಒಪ್ಪಂದವು ಡಿಸೆಂಬರ್ 8ರಂದು ಮುಗಿಯಿತು. ಅದನ್ನು ಹೊಸದಾಗಿ ವಹಿಸಿಕೊಳ್ಳಲು ಯಾರೂ ಮುಂದೆ ಬಂದಿರಲಿಲ್ಲ. ಐದು ದಿನಗಳ ತರುವಾಯ, ಡಿಸೆಂಬರ್ 13ರಂದು, ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಅರ್ಜೆಂಟೀನಾದ ಲಯೊನೆಲ್ ಮೆಸ್ಸಿಯನ್ನು ನೋಡಲು ಜನ ಸಾವಿರಾರು ರೂಪಾಯಿ ತೆತ್ತು ಕಿಕ್ಕಿರಿದು ನೆರೆದರು. ಗಣ್ಯರ ಗುಂಪಿನ ನಡುವೆ ಆ ಆಟಗಾರ ಕಣ್ಣಿಗೂ ಬೀಳದೆ ಬೇಗನೆ ಹೊರಟುಹೋದಾಗ ಸಿಟ್ಟಿಗೆದ್ದ ಪ್ರೇಕ್ಷಕರು ಕುರ್ಚಿಗಳನ್ನು ಕಿತ್ತು ಮೈದಾನಕ್ಕೆ ಎಸೆದರು. ಅಲ್ಲಿ ಮೆಸ್ಸಿ ಪಂದ್ಯವೇನೂ ಆಡಲಿಲ್ಲ ಎಂಬುದನ್ನು ಗಮನಿಸಬೇಕು. ಆತನ ಆಟವಿಲ್ಲದ ಒಂದು ದರ್ಶನಕ್ಕೆ ಅಷ್ಟು ಹಣ ಹುಟ್ಟಿತು. ವರ್ಷವಿಡೀ ಆಡುವ ಲೀಗಿಗೆ ಮಾತ್ರ ಗಿರಾಕಿಯಿಲ್ಲ.

ಇದನ್ನು ಕಂಡು, ಭಾರತದಲ್ಲಿ ಕ್ರಿಕೆಟ್ಟೊಂದನ್ನು ಬಿಟ್ಟು ಉಳಿದ ಯಾವ ಆಟಕ್ಕೂ ಮಾರುಕಟ್ಟೆಯಿಲ್ಲ ಎಂಬ ತೀರ್ಮಾನಕ್ಕೆ ಬರುವವರು ವ್ಯಾಪಾರಸ್ಥರಲ್ಲಿಯೂ ಅನೇಕರಿದ್ದಾರೆ. ಆ ತೀರ್ಮಾನ ಸರಿಯಲ್ಲ. 2017ರ ಅಕ್ಟೋಬರಿನಲ್ಲಿ ಭಾರತದಲ್ಲಿ ನಡೆದ ಹದಿನೇಳು ವರ್ಷದೊಳಗಿನವರ ವಿಶ್ವಕಪ್ಪನ್ನು ಆರು ನಗರಗಳಲ್ಲಿ 13 ಲಕ್ಷ 47 ಸಾವಿರ ಮಂದಿ ನೋಡಿದರು. ಆ ಪಂದ್ಯಾವಳಿಯ ಚರಿತ್ರೆಯಲ್ಲಿ ಅದುವರೆಗೆ ಯಾವ ದೇಶದಲ್ಲಿಯೂ ಅಷ್ಟು ಜನ ಸೇರಿರಲಿಲ್ಲ. 2014ರಲ್ಲಿ ಎಂಟು ತಂಡಗಳೊಡನೆ ಸೂಪರ್ ಲೀಗು ಆರಂಭವಾದಾಗ ಪಂದ್ಯವೊಂದಕ್ಕೆ ಸರಾಸರಿ 24 ಸಾವಿರಕ್ಕೂ ಮಿಕ್ಕಿ ಪ್ರೇಕ್ಷಕರಿದ್ದರು. ಗಿರಾಕಿ ಇದ್ದಾನೆ. ಅಂಗಡಿಯನ್ನು ಕಟ್ಟಿದ ಬಗೆಯಲ್ಲಿಯೇ ದೋಷವಿದೆ.

2010ರ ಡಿಸೆಂಬರಿನಲ್ಲಿ ಫೆಡರೇಷನ್ನು ತನ್ನ ಸಮಸ್ತ ವಾಣಿಜ್ಯ ಹಕ್ಕುಗಳನ್ನು, ಅಂದರೆ ಪ್ರಸಾರ, ಪ್ರಾಯೋಜನೆ, ಜಾಹೀರಾತು, ಹೊಸ ಲೀಗು ಹೂಡುವ ಅಧಿಕಾರ ಎಲ್ಲವನ್ನೂ, ಹದಿನೈದು ವರ್ಷಗಳಿಗೆ 700 ಕೋಟಿ ರೂಪಾಯಿಗಳಿಗೆ ಐಎಂಜಿ-ರಿಲಯನ್ಸ್ ಸಂಸ್ಥೆಗೆ ಒಪ್ಪಿಸಿತು. ಅದಕ್ಕೂ ಹಿಂದೆ ಜೀ ಸ್ಪೋರ್ಟ್ಸ್ ವಾಹಿನಿಯೊಡನೆ ಮಾಡಿಕೊಂಡಿದ್ದ ದೀರ್ಘಾವಧಿಯ ಒಡಂಬಡಿಕೆಯು ಅವಧಿ ತುಂಬುವ ಮೊದಲೇ ಅದೇ ವರ್ಷ ಮುರಿದುಬಿದ್ದಿತ್ತು. ಸರಾಸರಿ ಲೆಕ್ಕ ಹಾಕಿದರೆ ಹೊಸ ಒಪ್ಪಂದದಿಂದ ವರ್ಷಕ್ಕೆ 46 ಕೋಟಿ ರೂಪಾಯಿಗಳಿಗಿಂತ ಸ್ವಲ್ಪ ಹೆಚ್ಚು. ಆ ಹಣ ಫೆಡರೇಷನ್ನಿಗೆ ಉಸಿರು ಕೊಟ್ಟಿತೆಂಬುದನ್ನೂ, ದೂರದರ್ಶನದಲ್ಲಿ ಭಾರತದ ಫುಟ್‌ಬಾಲಿಗೆ ಒಂದು ರೂಪ ಬಂದಿತೆಂಬುದನ್ನೂ, ಆಟಗಾರರ ಸಂಭಾವನೆ ಏರಿತೆಂಬುದನ್ನೂ ಅಲ್ಲಗಳೆಯಲಾಗದು. ಆದರೆ ಒಂದೇ ಗಿರಾಕಿಗೆ ಸರಬರಾಜು ಮಾಡುವ ಕಾರ್ಖಾನೆಯ ಗತಿ ಏನೆಂಬುದನ್ನು ಪೀಣ್ಯದ ಯಾವ ಬಿಡಿಭಾಗ ತಯಾರಕನಿಗೂ ವಿವರಿಸಿ ಹೇಳಬೇಕಾಗಿಲ್ಲ. ಗಿರಾಕಿಯು ಆದೇಶ ನವೀಕರಿಸಲು ಒಂದು ತಿಂಗಳು ತಡಮಾಡಿದರೆ ಲೇತು ನಿಲ್ಲುತ್ತದೆ.

ಆದದ್ದು ಅದೇ. ಫೆಡರೇಷನ್ನಿನ ಸಂವಿಧಾನದ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದಲ್ಲಿದ್ದ ಕಾರಣ ಹೊಸ ಒಪ್ಪಂದದ ಮಾತುಕತೆ ಮುಂದೆ ಸಾಗಲಿಲ್ಲ. 2025ರ ಜುಲೈನಲ್ಲಿ ಲೀಗನ್ನು ನಡೆಸುವವರು 2025-26ರ ಋತುವನ್ನು ತಡೆಹಿಡಿದರು. ಆಗಸ್ಟ್ ಆರಂಭದಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ಸ್ಥಗಿತಗೊಳಿಸುವುದಾಗಿ ಪ್ರಕಟಿಸಿತು. ದೇಶದ ಅತಿ ದೊಡ್ಡ ಉಕ್ಕಿನ ಉದ್ಯಮಗಳಲ್ಲೊಂದಾದ ಜೆಎಸ್‌ಡಬ್ಲ್ಯು ಸಮೂಹದ ಬೆಂಬಲವಿರುವ ತಂಡವೇ ಇಂಥ ಹೆಜ್ಜೆಯಿಟ್ಟ ಮೇಲೆ ಉಳಿದವರ ಪಾಡು ಊಹಿಸುವಂಥದ್ದು. ಅಕ್ಟೋಬರಿನಲ್ಲಿ ಫೆಡರೇಷನ್ನು ಹೊಸ ಟೆಂಡರು ಕರೆಯಿತು. ವರ್ಷಕ್ಕೆ ಕನಿಷ್ಠ 37.5 ಕೋಟಿ ರೂಪಾಯಿ ಅಥವಾ ಒಟ್ಟು ವರಮಾನದ ಶೇ. 5, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟನ್ನು ಕೊಡಬೇಕೆಂಬ ಷರತ್ತು. ಹದಿನೈದು ವರ್ಷಗಳ ಹಿಂದಿನ ಸರಾಸರಿಗಿಂತ ಕಡಿಮೆ ಬೆಲೆ. ನವೆಂಬರ್ 7ರ ಗಡುವು ಮುಗಿದಾಗ ಒಂದೇ ಒಂದು ಬಿಡ್ಡು ಕೂಡ ಬಂದಿರಲಿಲ್ಲ. ಕೊನೆಗೆ 2026ರ ಜನವರಿ 6ರಂದು ಕೇಂದ್ರ ಕ್ರೀಡಾ ಸಚಿವರೇ ನಡುವೆ ಬಂದು, ಫೆಬ್ರವರಿ 14ರಿಂದ 14 ತಂಡಗಳ, ಒಟ್ಟು 91 ಪಂದ್ಯಗಳ ಮೊಟಕಾದ ಲೀಗು ನಡೆಯುವುದೆಂದು ಪ್ರಕಟಿಸಿದರು.

ಈ 91ರ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ತಂಡವೊಂದಕ್ಕೆ 13 ಪಂದ್ಯ. ಅದರಲ್ಲಿ ತವರು ಮೈದಾನದಲ್ಲಿ ಆರೋ ಏಳೋ. ಪೂರ್ಣ ಪ್ರಮಾಣದ ಲೀಗು ನಡೆದ 2024-25ರಲ್ಲಿಯೂ ತಂಡವೊಂದಕ್ಕೆ ತವರಿನಲ್ಲಿ ಸಿಕ್ಕದ್ದು 12 ಪಂದ್ಯ. ವರ್ಷದ 365 ದಿನಗಳಲ್ಲಿ ಹನ್ನೆರಡು ದಿನ ಮಾತ್ರ ಬಾಗಿಲು ತೆರೆಯುವ ಅಂಗಡಿಗೆ ಯಾವ ವರ್ತಕ ಮುಂಗಡ ಕೊಟ್ಟಾನು? ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ತವರಿನ ಪಂದ್ಯಗಳು 19, ಅದರ ಮೇಲೆ ಕಪ್ ಪಂದ್ಯಗಳು. ಅಲ್ಲಿನ ತಂಡಗಳ ಪೈಕಿ ಹೆಚ್ಚಿನವಕ್ಕೆ ಮೈದಾನ ಸ್ವಂತದ್ದು, ಇಲ್ಲವೇ ದೀರ್ಘ ಗುತ್ತಿಗೆಯದು. ಪಂದ್ಯವಿಲ್ಲದ ದಿನವೂ ಅಲ್ಲಿ ಅಂಗಡಿ, ಉಪಾಹಾರ ಗೃಹ, ಸಭಾಂಗಣಗಳು ಬಾಡಿಗೆ ಹುಟ್ಟಿಸುತ್ತವೆ.

ಭಾರತದಲ್ಲಿ ಮೈದಾನದ ಒಡೆತನ ಬೇರೆಯವರದು. ಕೋಲ್ಕತ್ತದ ಸಾಲ್ಟ್ ಲೇಕ್ ಪಶ್ಚಿಮ ಬಂಗಾಳ ಸರ್ಕಾರದ್ದು. ಕೊಚ್ಚಿಯ ಜವಾಹರಲಾಲ್ ನೆಹರು ಕ್ರೀಡಾಂಗಣ ಅಲ್ಲಿನ ಅಭಿವೃದ್ಧಿ ಪ್ರಾಧಿಕಾರದ್ದು. ಚೆನ್ನೈ, ಮಡಗಾಂವ್, ಭುವನೇಶ್ವರ ಎಲ್ಲೆಡೆಯೂ ಸರ್ಕಾರ ಅಥವಾ ಸರ್ಕಾರಿ ಸಂಸ್ಥೆಯೇ ಜಮೀನ್ದಾರ. 1889ರಲ್ಲಿ ಹುಟ್ಟಿದ ಮೋಹನ್ ಬಾಗಾನ್ ಕ್ಲಬ್ಬಿಗೆ ಕೋಲ್ಕತ್ತದ ಮೈದಾನದಲ್ಲಿ ತನ್ನದೇ ಅಂಗಳವಿದೆಯಾದರೂ ಅಡಿಯ ನೆಲ ಸೇನೆಯದು. ಉಕ್ಕಿನ ಪಟ್ಟಣವಾದ ಜೆಮ್‌ಷೆಡ್‌ಪುರವು ಇದಕ್ಕೆ ಅಪವಾದ. ಅಲ್ಲಿ ಊರೂ ಮೈದಾನವೂ ತಂಡವೂ ಟಾಟಾ ಸಂಸ್ಥೆಯ ಮಡಿಲಲ್ಲೇ ಬೆಳೆದವು. ಎಲ್ಲ ಊರಿಗೂ ಅಂಥ ದೈವ ಒದಗದು.

ಬೆಂಗಳೂರಿನ ಉದಾಹರಣೆ ಈ ಪತ್ರಿಕೆಯ ಓದುಗರಿಗೆ ಹತ್ತಿರದ್ದು. 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್‌ಸಿ ತನ್ನ ಮೊದಲ ಋತುವನ್ನು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿತು. ಆಡಿದ ಮೊದಲ ವರ್ಷವೇ ಐ-ಲೀಗ್ ಪ್ರಶಸ್ತಿ ಗೆದ್ದಿತು. ಮರುವರ್ಷ ಕಂಠೀರವಕ್ಕೆ ಬಂದಿತು. 2016ರ ಅಕ್ಟೋಬರಿನಲ್ಲಿ ಮಲೇಷ್ಯಾದ ಜೊಹೋರ್ ತಂಡವನ್ನು ಇಲ್ಲಿಯೇ 3-1ರಿಂದ ಸೋಲಿಸಿ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯಕ್ಕೆ ಏರಿದ ಮೊದಲ ಭಾರತೀಯ ತಂಡವೆನಿಸಿತು. ಪಶ್ಚಿಮದ ಗ್ಯಾಲರಿಯಲ್ಲಿ ನಿಂತು ಹಾಡುವ ನೀಲಿ ಅಂಗಿಯ ಅಭಿಮಾನಿಗಳ ಗುಂಪು ನಗರದ ಒಂದು ಪರಿಚಿತ ನೋಟವಾಯಿತು. 2023ರ ಜುಲೈನಲ್ಲಿ ಭಾರತವು ಕುವೈತನ್ನು ಪೆನಾಲ್ಟಿಗಳಲ್ಲಿ ಮಣಿಸಿ ದಕ್ಷಿಣ ಏಷ್ಯಾ ಚಾಂಪಿಯನ್‌ಷಿಪ್ ಗೆದ್ದದ್ದೂ ಇದೇ ಅಂಗಳದಲ್ಲಿ, ತುಂಬಿದ ಗ್ಯಾಲರಿಗಳೆದುರು.

ಇಷ್ಟೆಲ್ಲ ಆದರೂ ಕಂಠೀರವವು ಫುಟ್‌ಬಾಲಿಗಾಗಿ ಕಟ್ಟಿದ್ದಲ್ಲ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸಜ್ಜಾದ ಈ ಕ್ರೀಡಾಂಗಣದಲ್ಲಿ ಹುಲ್ಲಿನ ಸುತ್ತ ಓಟದ ಪಥವಿದೆ. ರಾಜ್ಯದ ಅಥ್ಲೀಟುಗಳಿಗೆ ರಾಜಧಾನಿಯಲ್ಲಿ ಪ್ರಮುಖ ಅಭ್ಯಾಸದ ನೆಲೆ ಅದೇ. ಪಂದ್ಯಗಳ ಸಿದ್ಧತೆಯಿಂದ ಅಭ್ಯಾಸಕ್ಕೆ ತೊಡಕಾಗುತ್ತಿದೆ ಎಂದು ಅಥ್ಲೆಟಿಕ್ಸ್ ತರಬೇತುದಾರರು ದೂರಿದರು, ವಿವಾದ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಅವರ ವಾದದಲ್ಲಿ ಹುರುಳಿಲ್ಲವೆನ್ನುವಂತಿಲ್ಲ. 2025ರ ಜುಲೈನಲ್ಲಿ ನೀರಜ್ ಚೋಪ್ರಾ ಅವರ ಹೆಸರಿನ ಅಂತರರಾಷ್ಟ್ರೀಯ ಜಾವೆಲಿನ್ ಸ್ಪರ್ಧೆ ಇಲ್ಲಿ ನಡೆದಾಗ ಆ ಪಥದ, ಆ ಅಂಗಳದ ಬೆಲೆ ಏನೆಂಬುದು ಊರಿಗೆಲ್ಲ ತಿಳಿಯಿತು. ಭರ್ಜಿ ಎಸೆಯುವವನೂ ಚೆಂಡು ಒದೆಯುವವನೂ ಒಂದೇ ಹುಲ್ಲಿಗೆ ಜಗಳವಾಡಬೇಕಾಗಿ ಬಂದುದು ಇಬ್ಬರ ತಪ್ಪೂ ಅಲ್ಲ. ಒಂದೂಕಾಲು ಕೋಟಿ ಜನಸಂಖ್ಯೆಯನ್ನು ಮೀರಿದ ನಗರದಲ್ಲಿ ಇಬ್ಬರಿಗೂ ಬೇರೆ ಬೇರೆ ನೆಲೆ ಕಟ್ಟದಿದ್ದುದು ತಪ್ಪು.

ಇದರ ವಾಣಿಜ್ಯ ಪರಿಣಾಮವನ್ನು ಕ್ರೀಡಾ ಪುಟಗಳು ಬರೆಯುವುದಿಲ್ಲ. ಋತುವಿನ ಲೆಕ್ಕದಲ್ಲಿ ಮೈದಾನವನ್ನು ಬಾಡಿಗೆ ಹಿಡಿಯುವ ತಂಡ ಅಲ್ಲಿ ಅಂಗಡಿ ಕಟ್ಟದು, ಶಾಶ್ವತ ಕುರ್ಚಿ ಹಾಕದು, ಅಡುಗೆಮನೆ ಮಾಡದು. ಜನರೇಟರು, ಧ್ವನಿವರ್ಧಕ, ತಡೆಬೇಲಿ, ಜಾಹೀರಾತು ಫಲಕ, ಕುಡಿಯುವ ನೀರು, ಊಟದ ಪೊಟ್ಟಣ, ಕಾವಲುಗಾರರು, ಎಲ್ಲವನ್ನೂ ಪಂದ್ಯದ ಹಿಂದಿನ ದಿನ ತಂದಿಳಿಸಿ ಮರುದಿನ ಕಿತ್ತೊಯ್ಯಬೇಕು. ಇದನ್ನು ಮಾಡುವವರು ಸಣ್ಣ ಉದ್ದಿಮೆದಾರರೇ. ಅವರಿಗೆ ಸಿಗುವುದು ಪಂದ್ಯಕ್ಕೊಂದು ಆದೇಶ. ಹತ್ತು ವರ್ಷದ ಗುತ್ತಿಗೆಯಲ್ಲ. ಹತ್ತು ವರ್ಷದ ಗುತ್ತಿಗೆಯಿದ್ದರೆ ಬ್ಯಾಂಕಿನವರು ಯಂತ್ರಕ್ಕೆ ಸಾಲ ಕೊಡುತ್ತಾರೆ. ಪಂದ್ಯಕ್ಕೊಂದು ಆದೇಶವನ್ನು ತೋರಿಸಿ ಯಾವ ವ್ಯವಸ್ಥಾಪಕನನ್ನೂ ಒಲಿಸಲಾಗದು.

ಕೊಚ್ಚಿಯ ಕಲೂರಿನಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಅಲ್ಲಿನ ಕ್ರೀಡಾಂಗಣದ ಗ್ಯಾಲರಿಗಳ ಅಡಿಯಲ್ಲಿ ಅಂಗಡಿಗಳ ಸಾಲೇ ಇದೆ. ಪ್ರಾಧಿಕಾರಕ್ಕೆ ಅವುಗಳ ಬಾಡಿಗೆ ನಿಯತವಾದ ಆದಾಯ. ಸಾಮಾನ್ಯ ದಿನಗಳಲ್ಲಿ ಅದೊಂದು ಮಾರುಕಟ್ಟೆಯೇ. ಉಳಿದ ಊರುಗಳು ಇದನ್ನು ನೋಡಿ ಕಲಿಯಬಹುದಿತ್ತು. ಆದರೆ 2017ರ ವಿಶ್ವಕಪ್ಪಿಗೆ ಮುನ್ನ, ಫಿಫಾ ನಿಯಮದ ಪ್ರಕಾರ ಆ ಅಂಗಡಿಗಳೆಲ್ಲ ತೆರವಾಗಬೇಕೆಂಬ ಆಜ್ಞೆ ಬಂದಿತು. ಓಣಂ ಮುಗಿದು ದೀಪಾವಳಿಯ ವ್ಯಾಪಾರ ಕುದುರುವ ಹೊತ್ತಿಗೆ ಬಾಗಿಲು ಮುಚ್ಚಬೇಕಾದ ವರ್ತಕರು ಪರಿಹಾರ ಕೇಳಿ ಕೇರಳ ಉಚ್ಚ ನ್ಯಾಯಾಲಯದ ಮೊರೆಹೋದರು. ವಿಶ್ವಕಪ್ಪು ಬರುವುದು ವರ್ಷಗಳ ಹಿಂದೆಯೇ ಗೊತ್ತಿತ್ತು. ಅಂಗಡಿಯವರೊಡನೆ ಕುಳಿತು ಮಾತನಾಡಬೇಕೆಂಬುದು ಮಾತ್ರ ಯಾರಿಗೂ ಮೊದಲೇ ಹೊಳೆಯಲಿಲ್ಲ. ಕ್ರೀಡಾಂಗಣದ ಯೋಜನೆಗಳಲ್ಲಿ ವರ್ತಕನ ಹೆಸರು ಕೊನೆಯ ಪುಟದಲ್ಲಿ ಬರುವುದು ವಾಡಿಕೆ.

ಭಾರತದ ಫುಟ್‌ಬಾಲಿಗೆ ಉದ್ಯಮಿಗಳ ಆಸರೆ ಹೊಸದೇನಲ್ಲ. ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್, ಬಿಇಎಂಎಲ್ ತಂಡಗಳಿದ್ದವು. 1977ರಲ್ಲಿ ಮೊದಲ ಫೆಡರೇಷನ್ ಕಪ್ಪನ್ನು ಮೋಹನ್ ಬಾಗಾನ್ ವಿರುದ್ಧ ಗೆದ್ದದ್ದು ದೂರವಾಣಿ ಕಾರ್ಖಾನೆಯ ಐಟಿಐ ತಂಡ. ಆಟಗಾರನಿಗೆ ಕಾರ್ಖಾನೆಯಲ್ಲಿ ನೌಕರಿ, ಆಟ ಮುಗಿದ ಮೇಲೂ ಸಂಬಳ, ನಿವೃತ್ತಿಯಾದಾಗ ಪಿಂಚಣಿ. ಆ ವ್ಯವಸ್ಥೆಗೆ ದೂರದರ್ಶನದ ಹಂಗಿರಲಿಲ್ಲ. ಮುಂದೆ 1996-97ರಲ್ಲಿ ರಾಷ್ಟ್ರೀಯ ಲೀಗು ಬಂದಾಗ ಮೊದಲ ಪ್ರಶಸ್ತಿ ಗೆದ್ದದ್ದು ಪಂಜಾಬಿನ ಫಗ್ವಾಡಾದ ಜವಳಿ ಗಿರಣಿಯ ಜೆಸಿಟಿ. ಆ ತಂಡ 2011ರಲ್ಲಿ ಮುಚ್ಚಿತು. ಅದಕ್ಕೆ ಒಂದು ವರ್ಷ ಮುಂಚೆ ಮಹೀಂದ್ರ ಯುನೈಟೆಡ್ ಮುಚ್ಚಿತ್ತು. 2016ರಲ್ಲಿ ಗೋವಾದ ಡೆಂಪೊ, ಸಾಲ್ಗಾಂವ್ಕರ್, ಸ್ಪೋರ್ಟಿಂಗ್ ತಂಡಗಳು ಐ-ಲೀಗಿನಿಂದ ಹೊರಬಂದವು. ಸೂಪರ್ ಲೀಗಿನ ಕಥೆಯೂ ಬೇರೆಯಾಗಲಿಲ್ಲ. 2022ರ ಮಾರ್ಚಿಯಲ್ಲಿ ಪ್ರಶಸ್ತಿ ಗೆದ್ದ ಹೈದರಾಬಾದ್ ತಂಡ ಎರಡು ವರ್ಷ ಕಳೆಯುವುದರೊಳಗೆ ಸಂಬಳ ಬಾಕಿಯ ಸುದ್ದಿಯಾಯಿತು. 2025ರಲ್ಲಿ ಹೆಸರನ್ನೂ ಊರನ್ನೂ ಬದಲಿಸಿ ದೆಹಲಿಗೆ ಹೋಯಿತು. ತಂಡ ರಾತ್ರೋರಾತ್ರಿ ಊರು ಬಿಡಬಹುದು. ಅದರ ಹೆಸರಿನ ಜೆರ್ಸಿಗಳನ್ನು ದಾಸ್ತಾನು ಮಾಡಿಕೊಂಡ ಅಂಗಡಿಯವನು ಅಲ್ಲಿಯೇ ಉಳಿಯುತ್ತಾನೆ.

ಇದಕ್ಕೆ ತೀರ ವಿರುದ್ಧವಾದ ಒಂದು ಮಾದರಿ ನೆರೆಯ ಮಲಬಾರಿನಲ್ಲಿದೆ. ಮಲಪ್ಪುರಂ ಜಿಲ್ಲೆಯ ಊರೂರಿನಲ್ಲಿ ಮಳೆಗಾಲ ಕಳೆದ ಮೇಲೆ ಏಳು ಜನರ ತಂಡಗಳ 'ಸೆವೆನ್ಸ್' ಪಂದ್ಯಾವಳಿಗಳು ತಿಂಗಳುಗಟ್ಟಲೆ ನಡೆಯುತ್ತವೆ. ಗದ್ದೆಯ ಬಯಲಿನಲ್ಲಿ ಅಡಕೆ ಮರ, ಬಿದಿರುಗಳ ತಾತ್ಕಾಲಿಕ ಗ್ಯಾಲರಿ ಕಟ್ಟುತ್ತಾರೆ, ದೀಪ ಹಾಕುತ್ತಾರೆ, ಟಿಕೆಟು ಹರಿಯುತ್ತಾರೆ. ಘಾನಾ, ನೈಜೀರಿಯಾಗಳಿಂದ ಬಂದ ಆಟಗಾರರಿಗೂ ಪಂದ್ಯದ ಲೆಕ್ಕದಲ್ಲಿ ಸಂಭಾವನೆ ಸಲ್ಲುತ್ತದೆ. ಗೇಟಿನ ವಸೂಲಿ ಹಾಗೂ ಊರಿನ ಚಿನ್ನ-ಬಟ್ಟೆ ಅಂಗಡಿಗಳ ಜಾಹೀರಾತು, ಇವೆರಡೇ ಬಂಡವಾಳ. ಫೆಡರೇಷನ್ನಿನ ಮಾನ್ಯತೆಯಿಲ್ಲ, ಪ್ರಸಾರ ಹಕ್ಕಿನ ಗೋಜಿಲ್ಲ. 2025ರಲ್ಲಿ ದೇಶದ ಅತ್ಯುನ್ನತ ಲೀಗು ನಿಂತಿತ್ತೆಂದು ಮಲಪ್ಪುರದ ಗದ್ದೆಯಲ್ಲಿ ದೀಪ ಆರಬೇಕಾದ ಕಾರಣವಿರಲಿಲ್ಲ. ಅದನ್ನು ಆದರ್ಶವೆಂದು ಎತ್ತಿ ಹಿಡಿಯುವುದೂ ತಪ್ಪಾದೀತು. 2022ರ ಮಾರ್ಚಿಯಲ್ಲಿ ಕಾಳಿಕಾವು ಸಮೀಪದ ಪಂದ್ಯವೊಂದರಲ್ಲಿ ಇಂಥದೇ ಗ್ಯಾಲರಿ ಕುಸಿದು ನೂರಾರು ಮಂದಿ ಗಾಯಗೊಂಡರು. ಅಲ್ಲಿ ಇಲ್ಲದಿರುವುದು ಭದ್ರವಾದ ಕಟ್ಟಡ. ಸೂಪರ್ ಲೀಗಿನಲ್ಲಿ ಇಲ್ಲದಿರುವುದು ಊರಿನವರ ಕೈಯಿಂದ ಬರುವ ದಿನವಹಿ ಹಣ. ಎಂಟು ಹತ್ತು ಸಾವಿರ ಆಸನಗಳ, ಓಟದ ಪಥವಿಲ್ಲದ, ರಸ್ತೆಯ ಕಡೆಗೆ ಅಂಗಡಿಗಳ ಮುಖವಿರುವ ಪುಟ್ಟ ಕ್ರೀಡಾಂಗಣವು ಇವೆರಡನ್ನೂ ಒಟ್ಟುಗೂಡಿಸಬಲ್ಲದು. ಐವತ್ತು ಸಾವಿರ ಆಸನಗಳ ಭವ್ಯ ಸೌಧಗಳಿಗೆ ಶಂಕುಸ್ಥಾಪನೆ ಮಾಡಲು ಉತ್ಸಾಹ ತೋರುವ ಸರ್ಕಾರಗಳು ಇಂಥ ಸಣ್ಣ ಕಟ್ಟಡಗಳತ್ತ ನೋಡುವುದು ಅಪರೂಪ.

ಈ ನಡುವೆ ಸರಬರಾಜುದಾರನು ತನ್ನ ಬಾಕಿಯನ್ನು ಕಾಪಾಡಿಕೊಳ್ಳುವುದು ಹೇಗೆ? ಕಾನೂನಿನ ಬೆಂಬಲ ಇಲ್ಲದಿಲ್ಲ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯಿದೆಯಂತೆ ಸೂಕ್ಷ್ಮ ಹಾಗೂ ಸಣ್ಣ ಉದ್ದಿಮೆಗೆ ಸಲ್ಲಬೇಕಾದ ಹಣವನ್ನು ಬರಹದ ಕರಾರಿದ್ದರೂ 45 ದಿನ ಮೀರಿಸುವಂತಿಲ್ಲ, ಕರಾರಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೇಳಲು ರಾಜ್ಯದಲ್ಲಿ ಸೌಲಭ್ಯ ಮಂಡಳಿಯಿದೆ. ಇದರ ಮೇಲೆ, 2023ರಲ್ಲಿ ಆದಾಯ ತೆರಿಗೆ ಕಾನೂನಿಗೆ ತಂದ ತಿದ್ದುಪಡಿಯು, ಗಡುವು ಮೀರಿದ ಬಿಲ್ಲಿನ ಮೊತ್ತವನ್ನು ವಾಸ್ತವವಾಗಿ ಪಾವತಿ ಮಾಡಿದ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಲು ಕೊಳ್ಳುವವನಿಗೆ ಅವಕಾಶ ಕೊಟ್ಟಿತು. ದೊಡ್ಡ ಕಂಪನಿಗಳ ಲೆಕ್ಕಾಧಿಕಾರಿಗಳು ಮಾರ್ಚಿ ತಿಂಗಳಲ್ಲಿ ತಾವಾಗಿಯೇ ಕರೆದು ಹಣ ಕೊಡಲಾರಂಭಿಸಿದ್ದು ಈ ನಿಯಮದ ದೆಸೆಯಿಂದಲೇ. ಆದರೆ ಫುಟ್‌ಬಾಲ್ ತಂಡಗಳ ವಿಷಯದಲ್ಲಿ ಈ ಕತ್ತಿ ಮೊಂಡು. ವರ್ಷದಿಂದ ವರ್ಷಕ್ಕೆ ನಷ್ಟ ತೋರಿಸುವ ಸಂಸ್ಥೆಗೆ ಖರ್ಚಿನ ವಿನಾಯಿತಿ ಈ ವರ್ಷ ಸಿಕ್ಕರೇನು, ಮುಂದಿನ ವರ್ಷ ಸಿಕ್ಕರೇನು? ತೆರಿಗೆಯೇ ಇಲ್ಲದವನಿಗೆ ತೆರಿಗೆಯ ಹೆದರಿಕೆಯಿಲ್ಲ. ಮತ್ತೊಂದು ಮಾತು: ತಯಾರಿಸದೆ ಕೊಂಡು ಮಾರುವ ವರ್ತಕನಿಗೆ ಉದ್ಯಮ್ ನೋಂದಣಿ ಇದ್ದರೂ ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತ, ವಿಳಂಬ ಪಾವತಿಯ ರಕ್ಷಣೆ ಅವನಿಗೆ ದೊರೆಯದು. ಜಲಂಧರ, ಮೀರತ್‌ಗಳಿಂದ ಚೆಂಡು ತರಿಸಿ ತಂಡಕ್ಕೆ ಒದಗಿಸುವ ಚಿಕ್ಕಪೇಟೆಯ ವ್ಯಾಪಾರಿ ಈ ಸಾಲಿಗೆ ಸೇರುತ್ತಾನೆ. ಅವನಿಗೆ ಉಳಿದಿರುವ ರಕ್ಷಣೆಯೆಂದರೆ ಆದೇಶದೊಂದಿಗೆ ಅರ್ಧ ಮುಂಗಡ, ಮಾಲಿನೊಂದಿಗೆ ಉಳಿದರ್ಧ. ತಂಡದ ಹೆಸರು ಎಷ್ಟೇ ದೊಡ್ಡದಾಗಿರಲಿ, ಮೈದಾನ ಸ್ವಂತದ್ದಲ್ಲದ, ಲೀಗಿನ ಹಕ್ಕು ಖಾಯಂ ಅಲ್ಲದ ಗಿರಾಕಿಗೆ ಉದ್ರಿ ಕೊಡುವುದು ಅಭಿಮಾನವಾದೀತೇ ಹೊರತು ವ್ಯಾಪಾರವಾಗದು.

ಕರ್ನಾಟಕದ ಮಟ್ಟಿಗೆ ಕೈಗೆಟುಕುವ ಕೆಲಸ ಅಶೋಕನಗರದಲ್ಲಿದೆ. ರಾಜ್ಯ ಫುಟ್‌ಬಾಲ್ ಸಂಸ್ಥೆಯ ಕ್ರೀಡಾಂಗಣ ಮ್ಯಾಗ್ರತ್ ರಸ್ತೆಯ ಬದಿಯಲ್ಲಿ, ಬ್ರಿಗೇಡ್ ರಸ್ತೆಯಿಂದ ಕಾಲ್ನಡಿಗೆಯ ದೂರದಲ್ಲಿದೆ. ಸುತ್ತಲೂ ನಗರದ ಅತಿ ದುಬಾರಿ ಅಂಗಡಿಗಳು. ಕೃತಕ ಹುಲ್ಲಿನ ಅಂಗಳ, ಓಟದ ಪಥವಿಲ್ಲ. ಬೆಂಗಳೂರು ಜಿಲ್ಲಾ ಲೀಗಿನ ತಂಡಗಳು ಆಡುವುದು ಇಲ್ಲಿ. ಪೆಲೆಯ ಪ್ರತಿಮೆ ನಿಲ್ಲಿಸಿದ ಗೌತಮಪುರ, ಪೀಳಿಗೆಗಳಿಂದ ಆಟಗಾರರನ್ನು ಕೊಟ್ಟ ಆಸ್ಟಿನ್ ಟೌನ್, ಎರಡೂ ಇಲ್ಲಿಂದ ದೂರವಿಲ್ಲ. 54 ವರ್ಷಗಳ ಬಳಿಕ 2023ರ ಮಾರ್ಚಿಯಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಮರಳಿ ತಂದ ರಾಜ್ಯಕ್ಕೆ ಆಟಗಾರರ ಕೊರತೆಯೂ ಇಲ್ಲ. ಈ ಅಂಗಳದ ಗ್ಯಾಲರಿಗಳನ್ನು ಭದ್ರವಾಗಿ ಪುನರ್ನಿರ್ಮಿಸಿ, ಅವುಗಳಡಿ ರಸ್ತೆಗೆ ಮುಖಮಾಡಿದ ಮಳಿಗೆಗಳನ್ನು ಕಟ್ಟಿ, ಹರಾಜಿನಲ್ಲಿ ಹದಿನೈದು ವರ್ಷದ ಗುತ್ತಿಗೆಗೆ ಕೊಟ್ಟರೆ, ಆ ಬಾಡಿಗೆಯೇ ಮೈದಾನದ ನಿರ್ವಹಣೆಯ ಬಹುಭಾಗವನ್ನು ಹೊರಬಲ್ಲದು. ಹದಿನೈದು ವರ್ಷದ ಒಪ್ಪಂದ ಮಾಡುವುದಿದ್ದರೆ ಮಾಡಬೇಕಾದ್ದು ಇಲ್ಲಿ, ಇಪ್ಪತ್ತು ಮೂವತ್ತು ಬೇರೆ ಬೇರೆ ಬಾಡಿಗೆದಾರರೊಡನೆ. ಗುತ್ತಿಗೆಯ ಪತ್ರದಲ್ಲಿ ಒಂದು ಕಲಮನ್ನು ಮಾತ್ರ ಮರೆಯದೆ ಸೇರಿಸಬೇಕು: ಯಾವುದಾದರೂ ದೊಡ್ಡ ಪಂದ್ಯಾವಳಿಗಾಗಿ ಮಳಿಗೆಗಳನ್ನು ಮುಚ್ಚಿಸುವುದಾದರೆ ಆರು ತಿಂಗಳ ಮುನ್ಸೂಚನೆ ಕೊಡತಕ್ಕದ್ದು, ಮುಚ್ಚಿದ ದಿನಗಳ ಬಾಡಿಗೆ ಮನ್ನಾ ಮಾಡತಕ್ಕದ್ದು, ವ್ಯಾಪಾರದ ನಷ್ಟವನ್ನು ಪಂದ್ಯಾವಳಿ ನಡೆಸುವವರೇ ಮೊದಲು ಠೇವಣಿ ಇಡತಕ್ಕದ್ದು.